ಮಳೆಯಲ್ಲಿ ಇಳಿದ ಹೊಳೆ

ಜೂನ್ 9, ಸೋಮವಾರ

ಮತ್ತೆ ಜರಡಿ. ಲ್ಯಾಬಲ್ಲಿ ಮರಳು ಜಾಲಿಸಿ ಜಾಲಿಸಿ ಭುಜ ಬಿದ್ದುಹೋಗಿದೆ. ಫಸ್ಟ್ ಇಯರ್ ಅಂದ್ರೆ ಜಿಯಾಲಜಿ ಅಲ್ಲ, ಹಿಟ್ಟಿನ ಗಿರಣಿ ಅಂತಾಳೆ ಸೀನಿಯರ್. ನಗು ಬರಲಿಲ್ಲ. ಬುಧವಾರ ವೈವಾ... ಇನ್ನೂ ಒಂದು ಪುಟ ಓದಿಲ್ಲ.

ಒಂದೇ ಸಮಾಧಾನ, ಅಕ್ಕನ ಮನೆ. ಹಾಸ್ಟೆಲ್ ಗುಡ್ಡದ ಮೇಲೆ, ಅವಳದ್ದು ಕೆಳಗೆ, ಹೊಳೆ ಪಕ್ಕದ ಬೀದಿ. ಆರನೇ ಕ್ಲಾಸಿಂದ ಹಾಸ್ಟೆಲ್ ತಟ್ಟೆಯಲ್ಲೇ ಉಂಡವಳಿಗೆ ಇದು ಲಕ್ಷುರಿ. ಭಾನುವಾರ ಅಲ್ಲೇ ಊಟ. ಮಗು ಪಕ್ಕ ನಿದ್ದೆ.

ಜೂನ್ 12

ವೈವಾ ಪಾಸ್, ಹೇಗೋ. ಇವತ್ತು ಫೀಲ್ಡ್.

ಬೆಳಿಗ್ಗೆ ಮೇಲಿನ ಕಣಿವೆ. ಹಿಟ್ಟಿನಂಥ ನುಣ್ಣನೆ ಮಣ್ಣು, ಪದರ ಪದರ. ನಿಂತ ನೀರಲ್ಲಿ ಕೂತಿದ್ದು ಅಂದರು ಮೇಡಂ. ಮಧ್ಯಾಹ್ನ ಕೆಳಗೆ, ಅಕ್ಕನ ಬೀದಿ ಹಿಂದೆ ಹೊಳೆ ಕೊರೆದ ದಂಡೆ. ಅಲ್ಲಿ ಬರೀ ಬಂಡೆ, ಲಾರಿ ಗಾತ್ರದ್ದು. ಎರಡರ ವಯಸ್ಸೂ ಹೆಚ್ಚುಕಮ್ಮಿ ಒಂದೇ ಅಂತೆ.

"ಹಿಮಯುಗದಲ್ಲಿ ಇಲ್ಲಿ ಮಳೆ ಕಮ್ಮಿ, ಬೆಟ್ಟ ಒಡೆದು ಪುಡಿಯಾಗಿ ಹಾಗೇ ಕೂತಿತ್ತು. ಬೆಚ್ಚಗಾಯ್ತು, ಮಳೆ ಜೋರಾಯ್ತು. ಗುಡ್ಡ ಜಾರಿ ಹೊಳೆಗೆ ಅಡ್ಡ ಬಿತ್ತು. ನೀರು ಹಿಂದೆ ನಿಂತ್ಕೊಂಡ್ತು. ಆಮೇಲೆ ಕಟ್ಟೆ ಒಡೀತು, ಇವೆಲ್ಲ ಬಂದ್ವು."

"ಆ ಪುಡಿ ಎಲ್ಲ ಇಳಿದು ಮುಗೀತಾ ಮೇಡಂ?"

ತಲೆ ಎತ್ತಿ ಬೆಟ್ಟ ನೋಡಿದರು. "ಅರ್ಧ ಇಳಿದಿದೆ. ಇನ್ನರ್ಧ ಅಲ್ಲೇ ಇದೆ."

ಎಲ್ಲರೂ ನೋಟ್ಸ್ ಬರೆದುಕೊಂಡರು. ನಾನು ಅಕ್ಕನ ಅಡಿಗೆಮನೆ ಕಿಟಕಿ ನೋಡ್ತಿದ್ದೆ. ಆ ಬಂಡೆಗಳ ಮೇಲೇ ಇದೆ.

ಜೂನ್ 15, ಭಾನುವಾರ

"ಬಂದ್ರಾ ಹವಾಮಾನ ಇಲಾಖೆಯವ್ರು," ಅಂದರು ಭಾವ. ಹೋದ ವರ್ಷ ಗ್ಯಾಸ್ ವಾಸನೆ ಅಂತ ಇಡೀ ಬೀದಿ ಎಬ್ಬಿಸಿದ್ದೆ. ಏನೂ ಇರಲಿಲ್ಲ. ಅವತ್ತು ಸಿಕ್ಕ ಬಿರುದು.

ಹೇಳಿದೆ. ಎಲ್ಲ.

"ಬಂಡೆ ಮೇಲೆ ಕಟ್ಟಿದ ಮನೆ ಕಣೇ. ಇದಕ್ಕಿಂತ ಗಟ್ಟಿ ಪಾಯ ಬೇಕಾ?"

"ಆ ಬಂಡೆ ಬೇರೆ ಕಡೆಯಿಂದ ಬಂದಿದ್ದು ಭಾವ."

"ಯಾವಾಗ?"

"ಹತ್ತು ಸಾವಿರ ವರ್ಷದ ಹಿಂದೆ..."

"ಹಾಗಾದ್ರೆ ಊಟಕ್ಕೆ ಟೈಮಿದೆ. ಕೂತ್ಕೋ."

ಅಕ್ಕ ನಕ್ಕ ರಭಸಕ್ಕೆ ಮಗು ಎದ್ದುಬಿಡ್ತು. ನಾನೂ ನಕ್ಕೆ. ಏನು ಮಾಡಲಿ.

ಜುಲೈ 21

ಮಳೆ ಬಿಟ್ಟೇ ಇಲ್ಲ. ಕ್ಲಾಸ್ ಕ್ಯಾನ್ಸಲ್. ಹೊಳೆ ಅಕ್ಕನ ಹಿತ್ತಲ ಮೆಟ್ಟಿಲಿಗೆ ಬಂದಿದೆ. ಮೇಲೆ ಬಾ ಅಂದೆ.

"ಮಗು, ತೊಟ್ಟಿಲು, ಒಣಗದ ಬಟ್ಟೆ... ನಿನ್ನ ರೂಮಲ್ಲಿ ಎಲ್ಲಿಡ್ಲಿ? ನಿನ್ನ ತಲೆ ಮೇಲಾ?"

ಆದರೂ ಮಂಚ ಖಾಲಿ ಮಾಡಿಟ್ಟಿದೀನಿ.

ಜುಲೈ 22, ಬೆಳಿಗ್ಗೆ

ಅಕ್ಕನ ಫೋನ್. ದನಿಯಲ್ಲಿ ಖುಷಿ. "ನೀರು ಇಳಿದೋಯ್ತು ಕಣೇ. ಇನ್ನಾದ್ರೂ ನಿದ್ದೆ ಮಾಡು."

ಕಿಟಕಿಗೆ ಹೋದೆ. ಮಳೆ ಸುರೀತಾನೇ ಇದೆ. ಹೊಳೆ ಇಲ್ಲ. ಬರೀ ಕಲ್ಲು. ಜನ ಬಕೆಟ್ ಹಿಡಿದು ಇಳೀತಿದ್ದಾರೆ, ಮೀನಿಗೆ.

ಇಷ್ಟು ಮಳೆ, ನೀರಿಲ್ಲ. ಅಂದ್ರೆ ಎಲ್ಲೋ ನಿಂತಿದೆ. ಮೇಲೆ.

ಮೇಡಂಗೆ ಹೇಳಿದೆ. "ಪೊಲೀಸರಿಗೆ ನಾನು ಹೇಳ್ತೀನಿ. ನೀನು ಅಕ್ಕನ್ನ ಮೇಲೆ ಕರ್ಸು. ಕಾರಣ ಹೇಳ್ತಾ ಕೂರಬೇಡ."

ಹೇಳಲಿಲ್ಲ. ಮೆಟ್ಟಿಲಿಂದ ಬಿದ್ದೆ, ಕಾಲು ಮುರಿದಿದೆ ಅಂದೆ. ಅಳು ತಾನಾಗೇ ಬಂತು.

ಅದೇ ದಿನ, ಹನ್ನೊಂದು ದಾಟಿದೆ

ಅಕ್ಕ ಬಂದಳು. ಹೆಗಲ ಮೇಲೆ ಮಗು, ಏದುಸಿರು. ನಾನು ಎರಡೂ ಕಾಲ ಮೇಲೆ ನಿಂತಿದ್ದೆ. ಬಾರಿಸ್ತಾಳೆ ಅಂದ್ಕೊಂಡೆ. ಕಿಟಕಿ ತೋರಿಸಿ, ನೀರು ಎಲ್ಲಿ ನಿಂತಿದೆ ಅಂತ ಹೇಳಿದೆ. ನನ್ನ ಮುಖ ನೋಡಿದಳು, ಆಮೇಲೆ ಹೊಳೆ. ಕಲ್ಲುಗಳ ನಡುವೆ ನೀಲಿ ರೇನ್‌ಕೋಟ್. ಭಾವ.

"ಫೋನ್ ಮನೇಲೇ ಬಿಟ್ಟಿದಾರೆ," ಅಂದಳು. ಮಗುವನ್ನ ನನ್ನ ಕೈಗೆ ಹಾಕಿದಳು.

"ನಾನು ಹೋಗ್ತೀನಿ ಅಕ್ಕ."

"ನೀನು ಹೇಳಿದ್ರೆ ನಗ್ತಾರೆ."

ಹೋದಳು.

ಬರೀತಿದೀನಿ, ಇಲ್ಲಾಂದ್ರೆ ನಾನೂ ಓಡಿಬಿಡ್ತೀನಿ. ಮಗು ತೊಡೆ ಮೇಲೆ. ಮೇಲಿನ ಕಣಿವೆ ಕಡೆಯ ಗಾಳಿಗೆ ಹಸಿ ಮಣ್ಣಿನ ವಾಸನೆ, ಈಗತಾನೇ ಅಗೆದ ಹಾಗೆ. ಪೊಲೀಸ್ ಜೀಪಿನ ಹಾರ್ನ್, ಎಲ್ಲೋ ದೂರ. ಅಕ್ಕನ ಕೊಡೆ ಬೀದಿ ದಾಟ್ತು. ದಂಡೆ ಹತ್ತಿರ. ಭಾವ ತಿರುಗಿದರು... ಕೈ ಬೀಸ್ತಿದ್ದಾರೆ. ಅವಳನ್ನೇ ಕರೀತಿದ್ದಾರೆ, ಬಕೆಟ್ ಎತ್ತಿ ತೋರಿಸ್ತಾ. ಅಕ್ಕ ಇಳೀಬೇಡ, ಅಲ್ಲೇ ನಿಂತು ಕೂಗು, ಅಲ್ಲಿಂದಲೇ