ಪುಸ್ತಕ ನಿಮ್ಮ ಕಡೆಗೆ

ಕೊಜುಯೆ ಅಕ್ಕ,

ನಿಮ್ಮ ಗಂಡನನ್ನು ಕಟ್ಟಿಕೊಂಡು ಎರಡು ವರ್ಷವಾಯಿತು. ತೀರಿಹೋದ ಹಿರಿಯರನ್ನು ಪೂಜಿಸುವ ಗೂಡಿನಲ್ಲಿರುವ ನಿಮ್ಮ ಫೋಟೋಗೆ ದಿನವೂ ಮೊದಲ ಅನ್ನ ಇಡುವವಳು ನಾನೇ. ಆದರೂ ನಿಮ್ಮ ಮಗಳು ನಾಗಿಸಾಗೆ ಚಿತ್ರದ ಪುಸ್ತಕ ಓದುವಾಗ ಅದನ್ನು ನಿಮ್ಮ ಕಡೆಗೇ ತಿರುಗಿಸಿ ಹಿಡಿಯಬೇಕಂತೆ. ನಾನು ಕತ್ತು ಸೊಟ್ಟ ಮಾಡಿಕೊಂಡು ಓದಬೇಕು.

ಇವತ್ತು ಮಧ್ಯಾಹ್ನ ಹೊಟ್ಟೆಕಿಚ್ಚು ತಡೆಯಲಾಗಲಿಲ್ಲ. ನರಿಮರಿಗೆ ತಾಯಿ ಸಿಗುವ ಪುಟ ಬರುವ ಹೊತ್ತಿಗೆ ಬೇಕೆಂದೇ ಎರಡು ಹಾಳೆ ಒಟ್ಟಿಗೆ ಮಗುಚಿದೆ.

ನಾಗಿಸಾ ನನ್ನನ್ನು ಬೈಯಲಿಲ್ಲ. ಫೋಟೋ ಕಡೆ ಬಾಗಿ, "ಅಮ್ಮಾ, ಬೇಜಾರು ಮಾಡ್ಕೋಬೇಡ. ಇವ್ರು ಹೊಸಬ್ರು. ಆ ಪುಟ ನಾನೇ ಹೇಳ್ತೀನಿ" ಅಂದಳು.

ಹೇಳಿದಳು, ಒಂದು ಮಾತೂ ಬಿಡದೆ. ಅದು ನೀವು ಅವಳಿಗೆ ಓದುತ್ತಿದ್ದ ದನಿಯೇ ಇರಬೇಕು; ನಾನು ಕೇಳಿದ್ದು ಇದೇ ಮೊದಲು. ಪುಸ್ತಕ ಹಿಡಿದ ಕೈ ನೋಯುತ್ತಿತ್ತು. ಇಳಿಸಲಿಲ್ಲ.