ಏಳನೇ ಬಾವಿಯ ತಾರೀಖು

ಅಪ್ಪನಿಗೆ,

ಈ ಕಾಗದ ತಂದ ಜೀಪ್ ಡ್ರೈವರ್ ನಿಮ್ಮ ಉತ್ತರ ಪಡೆದೇ ಹೊರಡುತ್ತಾನೆ, ಟೀ ಕೊಟ್ಟು ಕೂರಿಸಿ. ಫೋನ್ ಮಾಡಬಹುದಿತ್ತು. ಕಿವಿ ಮಂದವಾದಾಗಿನಿಂದ ನೀವು ಸ್ಪೀಕರ್ ಹಾಕುತ್ತೀರಿ, ಅಮ್ಮ ಪಕ್ಕದಲ್ಲೇ ಇರುತ್ತಾಳೆ.

ನೀವು ಕೊರೆಸಿದ ಏಳನೇ ಎಣ್ಣೆ ಬಾವಿ ಈಗ ನನ್ನ ಕೈಯಲ್ಲಿದೆ. ಎಣ್ಣೆ ತೀರಾ ಕಡಿಮೆಯಾಗಿದೆ. ನಾಳೆ ಬೆಳಿಗ್ಗೆ ಆ್ಯಸಿಡ್ ಇಳಿಸಿ, ತಳದ ಬಂಡೆಯಲ್ಲಿ ಕಟ್ಟಿಕೊಂಡ ಸಂದುಗಳನ್ನು ಬಿಡಿಸಬೇಕು. ಟ್ಯಾಂಕರ್ ಬಂದು ನಿಂತಿದೆ. ನಾನು ಅದರ ಸುತ್ತ ತಿರುಗುವುದನ್ನು ನೋಡಿ ಪಂಪಿನವರು, "ಸಾರ್, ಒಂದ್ ಕಡೆ ಕೂತ್ಕೊಳ್ಳಿ, ನಮಗೇ ತಲೆ ಸುತ್ತುತ್ತೆ" ಎಂದರು.

ಕೊಳವೆಯ ಸುತ್ತ ಹಾಕಿದ ಸಿಮೆಂಟ್ ಗಟ್ಟಿಯಿದ್ದರೆ ಭಯವಿಲ್ಲ. ಟೊಳ್ಳಾಗಿದ್ದರೆ ಆ್ಯಸಿಡ್ ಆ ಟೊಳ್ಳಿನಲ್ಲೇ ಮೇಲೇರಿ ಊರಿನ ಕುಡಿಯುವ ನೀರಿಗೆ ಸೇರುತ್ತದೆ. ಮತ್ತೆ ಪರೀಕ್ಷೆ ಮಾಡಿಸೋಣ ಎಂದರೆ ಸಾಹೇಬರು ಹಳೆಯ ದಾಖಲೆ ಪುಸ್ತಕ ಮುಂದಿಟ್ಟರು. "ಖುದ್ದಾಗಿ ನಿಂತು ಪರೀಕ್ಷಿಸಿದ್ದೇನೆ, ಗಟ್ಟಿಯಿದೆ" ಎಂದು ನಿಮ್ಮ ಕೈಬರಹ, ನಿಮ್ಮ ಸಹಿ. ಕೆಳಗಿನ ತಾರೀಖು ನಾನು ಹುಟ್ಟಿದ ದಿನದ್ದು.

ಆ ದಿನ ಬೆಳಗಿನಿಂದ ರಾತ್ರಿಯವರೆಗೆ ನೀವು ಆಸ್ಪತ್ರೆಯ ಬೆಂಚು ಬಿಟ್ಟು ಏಳಲಿಲ್ಲ ಎಂದು ಅಮ್ಮ ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ. ಬಾವಿಗೂ ಆಸ್ಪತ್ರೆಗೂ ಮೂರು ಗಂಟೆಯ ದಾರಿ.

ವಿವರಣೆ ಬೇಡ. ಎಲ್ಲಿದ್ದಿರಿ ಎಂಬುದನ್ನಷ್ಟೇ ಈ ಕಾಗದದ ಹಿಂದೆ ಬರೆಯಿರಿ. ಆಸ್ಪತ್ರೆಯಲ್ಲಿ ಎಂದಾದರೆ ಟ್ಯಾಂಕರ್ ವಾಪಸ್ ಕಳಿಸುತ್ತೇನೆ, ಸಾಹೇಬರಿಗೆ ಕಾರಣವನ್ನೂ ಹೇಳಬೇಕಾಗುತ್ತದೆ.

ಬಾವಿಯ ಹತ್ತಿರ ಎಂದಾದರೆ, ಅಮ್ಮನಿಗೆ ನಾನು ಏನೂ ಹೇಳುವುದಿಲ್ಲ.

ಗೇಟಿನಲ್ಲಿ ಜೀಪಿನ ದಾರಿ ನೋಡುತ್ತಾ,
ನಿಮ್ಮ ಮಗ