ಮಗುವಿಗೆ ಬರೆ ಹಾಕಲು ಬಿಡಲಿಲ್ಲ

ಕಾರ್ಕಳ
೧೪ ನವೆಂಬರ್ ೧೯೮೨

ಪ್ರೀತಿಯ ಫೌಸ್ಟಿನ್,

ಕುವೈತಿನಲ್ಲಿ ನೀವು ಸುಖವಾಗಿದ್ದೀರೆಂದು ನಂಬಿದ್ದೇನೆ. ನಮ್ಮ ಐರಿನ್ ಚೆನ್ನಾಗಿದ್ದಾಳೆ, ಈಗ ಕವುಚಿ ಬೀಳುತ್ತಾಳೆ. ನಿಮ್ಮ ಕಾಗದ ಬಂತು. ಅತ್ತೆಯವರ ಕಾಲು ಹಿಡಿದು ಕ್ಷಮೆ ಕೇಳು, ಇಲ್ಲವಾದರೆ ತವರಲ್ಲೇ ಇರು ಎಂದಿದ್ದೀರಿ. ನಾನು ಕ್ಷಮೆ ಕೇಳುವುದಿಲ್ಲ. ಯಾಕೆಂದು ಓದಿ.

ಅಂದು ಮಧ್ಯಾಹ್ನ ಕೆಮ್ಮಣ್ಣು ಊರಿನ ನಿಮ್ಮ ಮನೆಯಲ್ಲಿ ಮಗು ತೊಟ್ಟಿಲಲ್ಲಿ ಒಮ್ಮೆಲೇ ಕಿರುಚಿತು. ಎತ್ತಿಕೊಂಡರೂ ಅಳು ನಿಲ್ಲಲಿಲ್ಲ, ಹಾಲು ಬೇಡವಾಯಿತು. ಮೈಯೆಲ್ಲ ಬೆವರು. ಎಡಗಾಲು ಕಟ್ಟಿಗೆಯಂತೆ ಸೆಟೆದಿತ್ತು. ಬಟ್ಟೆ ಬಿಚ್ಚಿದರೆ ಮೀನಖಂಡದಲ್ಲಿ ಎರಡು ಚುಕ್ಕೆ, ಸುತ್ತ ಕೆಂಪು ಬಾವು. ತೊಟ್ಟಿಲ ಬಟ್ಟೆ ಕೊಡವಿದಾಗ ಅಂಗೈಯಗಲದ, ಮೈತುಂಬ ರೋಮದ ಜೇಡ ಬಿತ್ತು. ಅದನ್ನು ಅಗಲ ಬಾಯಿಯ ಖಾಲಿ ಬಾಟಲಿಗೆ ಹಾಕಿ ಮುಚ್ಚಿದೆ.

ಅತ್ತೆಯವರು ತೊಡೆಗೆ ಬಿಗಿಯಾಗಿ ಹಗ್ಗ ಕಟ್ಟಲು ಹೊರಟರು. ಬಿಡಲಿಲ್ಲ. ಆಮೇಲೆ ಸೌಟಿನ ಹಿಡಿಯನ್ನು ಕೆಂಡದಲ್ಲಿ ಕಾಯಿಸಿ ತಂದು, “ಒಂದು ಬರೆ ಹಾಕಿದರೆ ವಿಷ ಇಳಿಯುತ್ತದೆ, ಮಗುವನ್ನು ಹಿಡಿ” ಎಂದರು. ಕಿತ್ತುಕೊಂಡು ಅಂಗಳಕ್ಕೆ ಎಸೆದೆ. “ನನ್ನ ಮಗುವನ್ನು ಸುಡಲಿಕ್ಕೆ ಯಾರನ್ನೂ ಬಿಡುವುದಿಲ್ಲ!” ಎಂದು ಕೂಗಿದೆ. ಕೂಗಿದ್ದು ನಿಜ. ನೆರೆಯವರು ಕೇಳಿದ್ದೂ ನಿಜ.

ಕಚ್ಚಿದ ಜಾಗವನ್ನು ಸಾಬೂನು ಹಾಕಿ ತೊಳೆದು, ತಣ್ಣೀರಿನ ಬಟ್ಟೆ ಇಟ್ಟು, ಕಾಲು ಅಲುಗದಂತೆ ಹಿಡಿದು ನೆರೆಮನೆಯ ಕಿಟ್ಟನ ರಿಕ್ಷಾ ಹತ್ತಿದೆ. ಮಣಿಪಾಲದ ದಾರಿಯಲ್ಲಿ ಮಗು ವಾಂತಿ ಮಾಡಿತು, ಏದುಸಿರು ಬಿಡತೊಡಗಿತು. ಬಾಟಲಿ ನೋಡಿದ ಡಾಕ್ಟರು, “ಇದರ ವಿಷಕ್ಕೆಂದೇ ಬೇರೆ ಮದ್ದಿಲ್ಲ. ನೋವಿಗೆ, ಸೆಟೆತಕ್ಕೆ ಉಂಟು. ಉಸಿರಾಟ ನೋಡುತ್ತಾ ಇರಬೇಕು. ಎಳೆಮಗು ಅಲ್ವಾ, ಎಲ್ಲಿ ನೋವು ಅಂತ ಹೇಳುವುದಿಲ್ಲ. ನೀವು ಬಟ್ಟೆ ಬಿಚ್ಚಿ ನೋಡಿದ್ದು ಒಳ್ಳೆಯದಾಯಿತು” ಎಂದರು. ಹಗ್ಗ, ಬರೆ ಎರಡೂ ಕಾಲನ್ನೇ ಕೆಡಿಸುತ್ತಿದ್ದವಂತೆ.

ಮರುದಿನ ಸಂಜೆ ಕಾಲು ಸಡಿಲವಾಯಿತು. ಐರಿನ್ ಹಾಲು ಕುಡಿದಳು. ಅಲ್ಲಿಯವರೆಗೆ ಬಾರದ ಅಳು ನನಗೆ ಆಗ ಬಂತು. ಆಸ್ಪತ್ರೆಯಿಂದ ನೇರ ಇಲ್ಲಿಗೆ, ಅಮ್ಮನ ಮನೆಗೆ ಬಂದೆ.

ಮಾತು ಮೀರಿದ ಹೆಂಡತಿ ಎಂದು ಬೇಕಾದರೆ ಊರಿಗೆಲ್ಲ ಬರೆಯಿರಿ. ನಾಳೆ ಹೀಗೇ ಆದರೂ ನಾನು ಇದನ್ನೇ ಮಾಡುತ್ತೇನೆ.

ನಿಮ್ಮ ಮಗಳ ತಾಯಿ,
ಜೆರ್ಟ್ರೂಡ್

ಕೊನೆಗೊಂದು ಮಾತು: ನಿನ್ನೆ ಅತ್ತೆಯವರು ಒಬ್ಬರೇ ಬಸ್ಸಿನಲ್ಲಿ ಬಂದಿದ್ದರು. ಮಗುವನ್ನು ಮಡಿಲಿಂದ ಇಳಿಸಲೇ ಇಲ್ಲ. ನಿಮ್ಮ ಕಾಗದ ಓದಿ ಹೇಳಿದೆ. “ಅವನಿಗೆ ನಾನು ನಡೆದದ್ದನ್ನು ಮಾತ್ರ ಬರೆಸಿದ್ದು. ಕ್ಷಮೆ ಎಂತಕ್ಕೆ? ಕ್ಷಮೆ ಕೇಳಿಸು ಅಂತ ನಾನು ಹೇಳಲಿಲ್ಲ” ಎಂದರು. ಹಾಗಾದರೆ ಆ ಕ್ಷಮೆ ಯಾರಿಗೆ ಬೇಕಾಗಿತ್ತು, ಫೌಸ್ಟಿನ್?